ಗುಡ್ಡ ಹತ್ತಿದ ಟೈರುಗಳು

1982ರ ಜೂನ್ ಹದಿನಾಲ್ಕರ ಬೆಳಿಗ್ಗೆ ಮಾವಿನ ಮಂಡಿ ಮಾಲೀಕ ಕೋದಂಡರಾಮಪ್ಪ ಶ್ರೀನಿವಾಸಪುರ ಠಾಣೆಗೆ ಬಂದು, ತನ್ನ ಪಿಕಪ್ಪಿನ ನಾಲ್ಕೂ ಟೈರು ಕಳುವಾಗಿವೆ ಎಂದು ದೂರು ಕೊಟ್ಟ. ಆ ಪಿಕಪ್ಪು ಠಾಣೆಯ ಮುಂದೆ ನಾಲ್ಕು ಚಕ್ರದ ಮೇಲೇ ನಿಂತಿತ್ತು. ದಫೇದಾರ್ ಚನ್ನರಾಯಪ್ಪ ಹೊರಗೆ ಇಣುಕಿ ನೋಡಿ ನಗು ನುಂಗಿಕೊಂಡ.

“ಇವು ನನ್ನವಲ್ಲ ಸಾರ್. ನಾನು ತಿರುಪತಿಗೆ ಹೋಗಿದ್ದಾಗ ಉಬ್ಬು ಗುಂಡಿಯ ಬಟನ್ ಟೈರು ಬಿಚ್ಚಿ ಈ ಬೋಳು ಟೈರು ಹಾಕವ್ರೆ. ಮುಂದಿನ ಸ್ಪ್ರಿಂಗಿನ ಕಮಾನು ಪಟ್ಟಿನೂ ಎರಡೂ ಕಡೆ ಒಂದೊಂದು ಎಳ್ಕೊಂಡವ್ರೆ. ಮೂತಿ ನೆಲಕ್ಕಿಟ್ಟು ನಿಂತೈತೆ ನೋಡಿ.”

ಸಬ್ ಇನ್ಸ್‌ಪೆಕ್ಟರ್ ಶ್ರೀರಾಮಪ್ಪನವರು ಎಫ್‌ಐಆರ್ ದಾಖಲಿಸಿ ಮಂಡಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗವಿಲ್ಲದ ಗೋಡೌನಿನಲ್ಲಿ ಹೊಚ್ಚ ಹೊಸ ಟೈರುಗಳು ಹಾಗೇ ಇದ್ದವು. ಎಲ್ಲವೂ ಟಾರು ರಸ್ತೆಯವು, ನುಣ್ಣನೆಯ ಗೆರೆಯವು. ಮಾರಿಕೊಳ್ಳುವ ಕಳ್ಳನಾಗಿದ್ದರೆ ಇವನ್ನು ಬಿಡುತ್ತಿರಲಿಲ್ಲ. ಉಬ್ಬು ಉಬ್ಬಾದ ಹಳೆಯ ಟೈರನ್ನೇ ಆರಿಸಿ ಒಯ್ದಿದ್ದಾನೆಂದರೆ ಅವನ ಮನೆಗೆ ಟಾರು ರಸ್ತೆ ಇಲ್ಲ.

“ಆ ಬಟನ್ ಟೈರು ಬೇರೆ ಯಾರ ಹತ್ರ ಇವೆ?”

“ಯಾರ ಹತ್ರಾನೂ ಇಲ್ಲ. ಮಿಲಿಟರಿ ಹರಾಜಲ್ಲಿ ಬಂದಿದ್ದನ್ನೆಲ್ಲ ನಾನೇ ಹಿಡ್ಕೊಂಡೆ.” ಕೋದಂಡರಾಮಪ್ಪ ಮೀಸೆ ನೀವಿಕೊಂಡ. “ಗುಡ್ಡದ ಮೇಲಿನ ತೋಟಗಳಿಗೆ ನನ್ನ ಗಾಡಿ ಒಂದೇ ಹತ್ತಬೇಕು.”

ಶ್ರೀರಾಮಪ್ಪನವರಿಗೆ ಆ ಮೀಸೆ ನೋಡಿ ಮೈ ಉರಿಯಿತು. ಆದರೆ ಕಳ್ಳತನ ಕಳ್ಳತನವೇ.

ಎದುರಿನ ಟೀ ಅಂಗಡಿಯ ಆವಲಮ್ಮ ಹಾಡಹಗಲೇ ರಿಪೇರಿ ನಡೆದದ್ದನ್ನು ಕಂಡಿದ್ದಳು. “ಏಮೋ ಸಾಮೀ, ಮುಖ ಯಾರು ನೋಡಿದ್ರು? ಖಾಕಿ ಪ್ಯಾಂಟಿನ ಕಾಲೆರಡು ಗಾಡಿ ಅಡಿಯಿಂದ ಚಾಚ್ಕೊಂಡಿದ್ವು. ಮೆಕ್ಯಾನಿಕ್ಕು ಅಂದ್ಕೊಂಡೆ.”

ಎರಡು ದಿನ ಗ್ಯಾರೇಜುಗಳನ್ನೆಲ್ಲ ಜಾಲಾಡಿದರೂ ಏನೂ ಗಿಟ್ಟಲಿಲ್ಲ. ಕೊನೆಗೆ ಚನ್ನರಾಯಪ್ಪನೇ ಬಾಯಿ ಬಿಟ್ಟ. “ಸಾರ್, ನಮ್ಮ ಕಡೆ ಟೈರು ಬದಲಾಯಿಸಿದ ಗಾಡಿಗೆ ಪೂಜೆ ಮಾಡಿಸದೆ ಯಾವನೂ ಲೋಡ್ ಹಾಕಲ್ಲ. ಕಳ್ಳ ಆದ್ರೂ ಅಷ್ಟೇ.”

ಸುತ್ತಲಿನ ದೇವಸ್ಥಾನಗಳನ್ನು ವಿಚಾರಿಸುತ್ತ ಹೊರಟರು. ಮುಳಬಾಗಿಲು ರಸ್ತೆಯ ಒಂದು ಸಣ್ಣ ಆಂಜನೇಯನ ಗುಡಿಯಲ್ಲಿ ಅರ್ಚಕರು ತಡವರಿಸದೆ ಹೇಳಿದರು.

“ಬಂದಿತ್ತು. ಹಳೇ ಪಿಕಪ್ಪು, ಟೈರು ಮಾತ್ರ ಭರ್ಜರಿ. ಓಡಿಸ್ಕೊಂಡು ಬಂದಿದ್ದು ಹೆಂಗಸು, ಅದಕ್ಕೇ ನೆನಪಿದೆ.”

“ಹೆಸರು?”

“ಸಂಕಲ್ಪಕ್ಕೆ ಕೇಳಿದೆ. ಬೈರಕೂರು ಹೋಬಳಿ ಬಂಡಪಲ್ಲಿ ಮುನಿಯಲ್ಲಮ್ಮ ಅಂದ್ಲು.”

ಬಂಡಪಲ್ಲಿಗೆ ಪೊಲೀಸ್ ಜೀಪು ಹತ್ತಲಿಲ್ಲ. ಮೊದಲು ಹಳ್ಳದ ಮರಳು, ಆಮೇಲೆ ಮೊಣಕಾಲೆತ್ತರದ ಬಂಡೆಗಳು. ಜೀಪನ್ನು ಕೆಳಗೇ ಬಿಟ್ಟು ಇಬ್ಬರೂ ಏದುಸಿರು ಬಿಡುತ್ತ ನಡೆದರು. ಮೇಲೆ ಊರವರ ಪಿಕಪ್ಪು ಬಾದಾಮಿ ಮಾವಿನ ಬುಟ್ಟಿಗಳನ್ನು ಹೊತ್ತು ನಿಂತಿತ್ತು. ಹಗ್ಗದ ಮೇಲೆ ಗ್ರೀಸು ಮೆತ್ತಿದ ಖಾಕಿ ಪ್ಯಾಂಟು ಒಣಗುತ್ತಿತ್ತು. ಶ್ರೀರಾಮಪ್ಪನವರು ಗಾಡಿ ಪಕ್ಕ ನಿಂತಿದ್ದ ಮುನಿಯಲ್ಲಮ್ಮನಿಗೆ ಅದನ್ನು ತೋರಿಸಿದರು.

“ಈ ಪ್ಯಾಂಟು ಯಾರದಮ್ಮಾ?”

“ತೀರ್ಕೊಂಡ ನಮ್ಮನೆಯೋರ್ದು. ನಂಗಲೀಲಿ ಇಬ್ರೂ ಪಂಚರ್ ಅಂಗಡಿ ಇಟ್ಟಿದ್ವಿ. ಗಾಡಿ ಅಡಿ ಮಲಗೋಕೆ ಸೀರೆ ಆಗಲ್ಲ, ಹಾಕ್ಕೊಂಡೆ.”

“ಟೈರು?”

“ಮಂಡಿಯೋನ್ದು. ನಾನೇ ಬಿಚ್ಚಿದ್ದು.”

“ಕಮಾನು ಪಟ್ಟಿ ಯಾಕೆ?”

“ನಮ್ಮ ಗಾಡೀನ ಲೋಡಿಗೆ ಅಂತ ಹಿಂದೆ ಎತ್ತರಿಸಿದ್ರು, ಮುಂದೆ ತಗ್ಗು. ಆಕ್ಸಲ್ಲು ಬಂಡೆಗೆ ಬಡೀತಿತ್ತು. ಮುಂದೆ ಒಂದೊಂದು ಪಟ್ಟಿ ಸೇರಿಸಿದ್ಮೇಲೆ ಗಾಡಿ ಸಮ ಆಯ್ತು. ಬರೀ ಎತ್ತರಿಸಿದ್ರೆ ಮರಳಲ್ಲಿ ಹೂತ್ಕೊಳ್ಳುತ್ತೆ, ಅದಕ್ಕೆ ಬಟನ್ ಟೈರೇ ಬೇಕು.”

“ಗುಡೀಲಿ ಸುಳ್ಳು ಹೆಸರು ಹೇಳಿದ್ರೆ ಸಿಗ್ತಿರ್ಲಿಲ್ಲ ನೀನು.”

“ಪೂಜೆ ಮಾಡಿಸಿದ್ದು ನಾನು. ಪುಣ್ಯ ಇನ್ನೊಬ್ಬಳಿಗ್ಯಾಕೆ ಹೋಗ್ಬೇಕು ಸಾರ್? ಟೈರು ಇಲ್ಲೇ ಬಿಚ್ತೀರಾ, ಬಿಚ್ಚಿ. ಹಣ್ಣೆಲ್ಲ ಇಲ್ಲೇ ಕೊಳೀಲಿ. ಹೋದ ವರ್ಷಾನೂ ಕೊಳೀತು.”

ಶ್ರೀರಾಮಪ್ಪನವರು ಬುಟ್ಟಿಗಳನ್ನು ನೋಡಿದರು, ಬಂಡೆಗಳನ್ನು ನೋಡಿದರು. ಇಡೀ ವಾಹನವನ್ನೇ ವಶಪಡಿಸಿಕೊಂಡು ಠಾಣೆಗೆ ಸಾಗಿಸಲಾಗುವುದು ಎಂದು ಪಂಚನಾಮೆ ಬರೆಸಿದರು. ಮಾವಿಗೂ ಮೊಕದ್ದಮೆಗೂ ಸಂಬಂಧವಿಲ್ಲವೆಂದೂ ಸೇರಿಸಿದರು.

“ಓಡಿಸೋರು ಯಾರು ಸಾರ್?” ಎಂದ ಚನ್ನರಾಯಪ್ಪ.

“ನಿನಗೆ ಬರುತ್ತಾ?”

“ಈ ಬಂಡೆ ಮೇಲಾ? ಹೆಂಡ್ರು ಮಕ್ಕಳಿದ್ದಾರೆ ಸಾರ್.”

ಮುನಿಯಲ್ಲಮ್ಮನೇ ಓಡಿಸಿದಳು. ದಫೇದಾರ್ ಬುಟ್ಟಿಗಳ ನಡುವೆ ಕೂತು ಆಂಜನೇಯನನ್ನು ಜಪಿಸಿದ. ಒಂದು ಹಣ್ಣೂ ಉರುಳಲಿಲ್ಲ. ಶ್ರೀನಿವಾಸಪುರದ ಮಾರ್ಕೆಟ್ಟಿನಲ್ಲಿ ಲೋಡು ಇಳಿಯಿತು. ಬಂಡಪಲ್ಲಿಯ ಹಣ್ಣನ್ನು ಎಂದೂ ಕಾಣದ ಬೇರೆ ಮಂಡಿಯವರು ಮುಗಿಬಿದ್ದು ಬೆಲೆ ಕೂಗಿದರು. ಹರಾಜು ಮುಗಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು, “ಈಗ ನಡೀರಿ ಸಾರ್,” ಎಂದಳು. ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು.

ಠಾಣೆಯ ಬಾಗಿಲಲ್ಲಿ ಕೋದಂಡರಾಮಪ್ಪ ಕಾದಿದ್ದ. “ಕಳ್ಳಿ!”

“ಹೂಂ ಕಣಯ್ಯಾ, ಕದ್ದೆ. ಎರಡು ಸಲ ಟೈರು ಕೊಂಡ್ಕೊಳ್ಳೋಕೆ ನಾನೇ ಬಂದಿದ್ನಲ್ಲ, ನೀನು ನಕ್ಕು ಕಳಿಸ್ದೆ.”

ಶ್ರೀರಾಮಪ್ಪನವರು ಹೇಳಿಕೆ ಬರೆದುಕೊಂಡರು. ಹಿಂದಿನ ಸುಗ್ಗಿಯಲ್ಲಿ ಬೆಲೆ ಸಾಲದೆಂದ ಊರಿಗೆ ಬುದ್ಧಿ ಕಲಿಸಲು ಮಂಡಿಯವನು ಗಾಡಿ ಕಳಿಸಲಿಲ್ಲ; ಹಣ್ಣೆಲ್ಲ ಮರದ ಬುಡದಲ್ಲೇ ಕೊಳೆಯಿತು. ಆ ವಾಸನೆ ಮನೆಯೊಳಗೂ ಬರುತ್ತಿತ್ತು ಎಂದಳು. ಅದನ್ನೂ ಬರೆದರು. ಕೊನೆಗೆ, “ಆರೋಪಿತಳು ಪಶ್ಚಾತ್ತಾಪ ವ್ಯಕ್ತಪಡಿಸಿರುವುದಿಲ್ಲ,” ಎಂದು ಬರೆದು, ಓದಿ ಹೇಳಿದರು. ಬೇಕಿದ್ದರೆ ಬದಲಾಯಿಸಲಿ ಎಂಬ ಆಸೆ ಅವರಿಗಿತ್ತು.

“ಸರಿಯಾಗಿ ಬರ್ದಿದ್ದೀರಾ ಸಾರ್,” ಎಂದಳು ಮುನಿಯಲ್ಲಮ್ಮ. “ಎಲ್ಲಿ ಸೈನ್ ಹಾಕ್ಲಿ?”