ಕಠ್ಮಂಡುವಿನ ಪಂಚಮಿ

"ಯಾವೂರು ತಮ್ಮಾ? ಯಾರ ಪೈಕಿ?"

ಬಸ್ಸು ರಾಯಚೂರು ದಾಟುವಷ್ಟರಲ್ಲೇ ಬಸವಂತಮ್ಮ ಮುಂದಿನ ಸೀಟಿನ ಯುವಕನ ವಿಚಾರಣೆ ಶುರು ಮಾಡಿದ್ದಳು.

ಅವನು ಓದುತ್ತಿದ್ದ ಪುಸ್ತಕ ಮಡಚಿ ತಿರುಗಿದ. "ಮಸರಕಲ್‌ರೀ. ಹೆಸರು ವೆಂಕೋಬ. ದೇವದುರ್ಗದಾಗ ಹೈಸ್ಕೂಲ್ ಮಾಸ್ತರ. ನೀವು ಕೇಳಿದ್ದು ಇದಲ್ಲಂತ ಗೊತ್ತದ... ಊರ ಹೊರಗಿನ ಕೇರಿಯವ. ಇನ್ನೇನರ ತಿಳ್ಕೊಳ್ಳೋದೈತೇನು?"

"ಶಿವನs! ನೀಲಾ, ಆ ನೀರಿನ ತಂಬಿಗಿ ಈ ಕಡಿ ಇಡು!"

ನೀಲಗಂಗಮ್ಮ ತಂಬಿಗೆ ಸರಿಸಿದಳು. ಸರಿಸುವಾಗ ಅವನ ಕಣ್ಣಿಗೆ ಸಿಕ್ಕಿಬಿದ್ದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೋವಿರಲಿಲ್ಲ. ಬರೀ ತಾತ್ಸಾರ!

'ನಾ ಅಂಥಾಕಿ ಅಲ್ಲ...' ಎಂದುಕೊಂಡಳು. ಆದರೆ ಕೈ ಅಂಥದೇ ಕೆಲಸ ಮಾಡಿ ಮುಗಿಸಿತ್ತಲ್ಲ!

ಅದು ೧೯೮೪ರ ಕಾಶಿ–ಕಠ್ಮಂಡು ಯಾತ್ರೆಯ ಬಸ್ಸು. ಬಸ್ಸಿನ ತುಂಬ ಮಾನ್ವಿ, ಸಿರವಾರದ ವ್ಯಾಪಾರಸ್ಥರು. ತಂದೆ ತಾಯಿ ಇಲ್ಲದ ನೀಲಾಳನ್ನು ಸಾಕಿದ್ದು ಅಕ್ಕಿ ಗಿರಣಿಯ ಜಂಬಣ್ಣ ಕಾಕಾ ಮತ್ತು ಈ ಬಸವಂತಮ್ಮ ಚಿಗವ್ವ. ಸಾಕಿದ್ದನ್ನು ಇಬ್ಬರೂ ದಿನಾ ನೆನಪು ಮಾಡಿಕೊಡುತ್ತಿದ್ದರು. ಚಿಗವ್ವನ ಕಾಲೊತ್ತಲು ಆಳು ಬೇಕಿತ್ತು. ಅದಕ್ಕೇ ಅವಳಿಗೂ ಯಾತ್ರೆಯ ಪುಣ್ಯ!

ಕಠ್ಮಂಡುವಿನಲ್ಲಿ ಈ ಮಂದಿ ನೋಡಿದ್ದೇನು? ಪಶುಪತಿನಾಥನ ಪೂಜಾರಿ ಕನ್ನಡ ಸೀಮೆಯವನೆಂದು ಯಾರೋ ಹೇಳಿದ್ದೇ ತಡ, ಜಂಬಣ್ಣ ಗುಡಿಯೇ ತನ್ನ ಸ್ವಂತದ್ದೆನ್ನುವ ಹಾಗೆ ಎದೆ ಸೆಟೆಸಿದ. ಆಮೇಲೆ ಬರೀ ಬಜಾರು. ಹಳೇ ಅರಮನೆಯ ಚೌಕದಲ್ಲಿ ನೂರಾರು ವರ್ಷದ ಮರದ ಕೆತ್ತನೆಗೆ ಬೆನ್ನು ಕೊಟ್ಟು ನಿಂತು, ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಫಾರಿನ್ ಕೊಡೆಗೆ "ಅಬ್ಬಬ್ಬಾ!" ಎಂದರು. ಮಟಮಟ ಮಧ್ಯಾಹ್ನ ಟಾರ್ಚ್ ಹಚ್ಚಿ ಹಚ್ಚಿ ಆರಿಸಿದರು.

ಸ್ವಯಂಭೂ ಸ್ತೂಪದ ಮೆಟ್ಟಿಲು ಕಂಡದ್ದೇ ಎಲ್ಲರಿಗೂ ಮಂಡಿನೋವು ಬಂತು. ಹತ್ತಿದ್ದು ವೆಂಕೋಬ. ಅವನ ಹಿಂದೆ... ನೀಲಾ.

ಮೇಲೆ ಗಾಳಿ, ಮೋಡ, ಸ್ತೂಪದ ಸುತ್ತ ಬರೀ ಮಂಗಗಳು, ಕೆಳಗೆ ಇಡೀ ಊರು. ಅವನು ಬುದ್ಧನಿಗೆ ಕೈ ಮುಗಿದು ಬಂದು ಕಟ್ಟೆಯ ಮೇಲೆ ಕೂತ.

"ನೀರು ಕೊಡ್ರಿ," ಎಂದಳು.

"ಮೈಲಿಗಿ ಆಗ್ತೀರಿ."

"ಕೊಡ್ರಿ ಅಂದೆ!"

ಅವನ ಬಾಟಲಿಗೆ ಬಾಯಿ ಹಚ್ಚಿ ಗಟಗಟ ಕುಡಿದಳು. ಅವನು ನಕ್ಕ. ಅದೇ ತಾತ್ಸಾರದ ನಗು. "ಭಾರಿ ಧೈರ್ಯ ಬಿಡ್ರಿ. ಮಂಗ್ಯಾಗೋಳು ಮಾನ್ವಿಗೆ ಸುದ್ದಿ ಒಯ್ಯಂಗಿಲ್ಲಲ್ಲ!"

ಅವಳ ಕಣ್ಣು ತುಂಬಿತು. "ನಾನೂ ಆ ಮನ್ಯಾಗ ಆಳs ಇದ್ದೀನ್ರಿ. ಆದ್ರೂ ತಂಬಿಗಿ ಸರಿಸಿದ್ದು ನನ್ನ ಕೈನs... ತಪ್ಪಾತು."

ಅವನ ನಗು ಅಲ್ಲೇ ಸತ್ತಿತು. ಬಾಟಲಿ ಇಸಿದುಕೊಂಡು, "ಆವತ್ತಿಂದ ನಿಮ್ಮನ್ನ ಬೈಕೋತ ಕುಂತೀನಿ," ಎಂದ. "ಬೈದು ಬೈದು ಈಗ ನೀವು ಕಾಣಲಿಲ್ಲಂದ್ರ ಜೀವ ಚಡಪಡಿಸ್ತದ. ಬೆನ್ನ ಹಿಂದಿನ ಪ್ರೀತಿ ನನಗ ಬ್ಯಾಡ, ನೀಲಾ. ನಿಮ್ಮ ಮಂದಿ ಮುಂದ ನಿಲ್ಲೂದಾದ್ರ ಹೇಳ್ರಿ. ಇಲ್ಲಾ, ಇಲ್ಲಿಗೇ ಬಿಡೂಣು."

ನಿಲ್ಲುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಜೊತೆಯಾಗಿ ಇಳಿದು ಬರುವುದನ್ನು ಚಿಗವ್ವ ಕೆಳಗಿನಿಂದ ನೋಡಿದಳು. ನೋಡಿ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಗೇ ನೀಲಾ ಹೆದರಿದಳು.

ಮರುದಿನ ಪಂಚಮಿ. ಆ ಊರಿನವರಿಗೂ ಹಬ್ಬವೇ. ಬಾಗಿಲು ಬಾಗಿಲಿಗೆ ನಾಗನ ಚಿತ್ರ ಅಂಟಿಸಿದ್ದರು.

"ಕಾಗದದ ನಾಗಪ್ಪಗ ಹಾಲೆರೆದ್ರ ತೊಯ್ದು ಮುದ್ದಿ ಆಗ್ತಾನ. ಎಂಥಾ ಮಂದಿಬೇ ಇವರು!" ಎಂದು ಮೂಗು ಮುರಿದ ನಮ್ಮ ಹೆಂಗಸರು ವಸತಿಗೃಹದ ಅಂಗಳದಲ್ಲಿ ಮಣ್ಣಿನ ನಾಗಪ್ಪನನ್ನು ಮಾಡಿ ಕೂಡಿಸಿದರು. ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹೇಳುತ್ತಿದ್ದರು... ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು. ನಾಗಪ್ಪನ ಮುಂದೆ ಅಣ್ಣ ಎನಿಸಿಕೊಂಡವನು ಸಾಯುವತನಕ ಅಣ್ಣ.

ನೀಲಾ ಬಟ್ಟಲು ಹಿಡಿದದ್ದೇ ಬಸವಂತಮ್ಮ ದನಿ ಎತ್ತಿದಳು. "ವೆಂಕೋಬಾ, ಬಾರಪ್ಪಾ! ದೂರ ಯಾಕ ನಿಂತಿ? ಪರದೇಶದಾಗ ಎಂಥಾ ಜಾತಿ! ನಮ್ಮ ನೀಲಾಗ ಅಣ್ತಮ್ಮರಿಲ್ಲ. ಇವತ್ತಿಂದ ನೀನs ಆಕಿಗೆ ಅಣ್ಣ."

"ಎಂಥಾ ದೊಡ್ಡ ಮನಸ್ಸವ್ವಾ!" ಎಂದು ಹೆಂಗಸರು ಕೊಂಡಾಡಿದರು.

ದೊಡ್ಡ ಮನಸ್ಸು! ಮಾನ್ವಿಯಲ್ಲಿ ಅವನನ್ನು ಹೊಸ್ತಿಲು ದಾಟಲು ಬಿಡದವಳು ಇಲ್ಲಿ ಅಣ್ಣನನ್ನಾಗಿ ಮಾಡಿಕೊಳ್ಳುತ್ತಿದ್ದಳು, ಅಳಿಯನಾಗದಿರಲಿ ಎಂದು! ವೆಂಕೋಬನಿಗೂ ತಿಳಿಯಿತು. ತುಟಿ ಬಿಗಿಹಿಡಿದು ನೀಲಾಳನ್ನೇ ನೋಡಿದ.

ಅವಳು ಬಟ್ಟಲು ಬಾಗಿಸಿದಳು.

"ಅವ್ವನ ಪಾಲು..."

"ಅಪ್ಪನ ಪಾಲು..."

"ಹೂಂ, ಅಣ್ಣನ ಪಾಲು ಅನ್ನಬೇ!"

'ಅಂದರೆ ಎಲ್ಲ ಮುಗೀತು... ಅನ್ನದಿದ್ದರೆ ಮನೆ ಮುಗೀತು!'

"ನನಗ ಅಣ್ಣ ಇಲ್ಲ ಚಿಗವ್ವ. ಹುಟ್ಟಲಿಲ್ಲ. ನೀ ಹುಟ್ಟಿಸಬ್ಯಾಡ." ದನಿ ಗಟ್ಟಿಯಾಯಿತು. "ವೆಂಕೋಬನ ಪಾಲು!"

ಹಾಲು ನಾಗಪ್ಪನ ಹೆಡೆಯ ಮೇಲಿಂದ ಇಳಿಯಿತು.

"ಬರೀ ಹೆಸರು ಹಿಡಿದು? ಏನಾಗಬೇಕಲೇ ಅವ ನಿನಗ?" ಜಂಬಣ್ಣ ಗುಡುಗಿದ.

"ಲಗ್ನ ಆಗೂತನಾ ಹೆಸರು ಹಿಡೀತೀನಿ ಕಾಕಾ. ಆಮ್ಯಾಲ ಹಿಡಿಯಂಗಿಲ್ಲ."

ಮರುಕ್ಷಣ ಬಸವಂತಮ್ಮ ಎದೆ ಬಡಿದುಕೊಂಡಳು. ದೊಡ್ಡ ಮನಸ್ಸು ಒಂದೇ ಉಸಿರಿಗೆ ಸಣ್ಣದಾಗಿ, ಅವನ ಕೇರಿ, ಕುಲ, ಅವ್ವ, ಅಪ್ಪ ಎಲ್ಲವನ್ನೂ ಎಳೆದು ತಂದಿತು. "ಮನಿ ಹೊಸ್ತಿಲ ತುಳದ್ರ ನೋಡು!" ಎಂದು ಜಂಬಣ್ಣ ಒದರಿದ. ನೀಲಾ ಬಟ್ಟಲನ್ನು ಚಿಗವ್ವನ ಕೈಗಿಟ್ಟು ಹೊರಗೆ ನಡೆದಳು.

ಬೀದಿಯಲ್ಲಿ ವೆಂಕೋಬ ಓಡಿ ಬಂದು ಕೂಡಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ತಾತ್ಸಾರ ಹುಡುಕಿದರೂ ಇರಲಿಲ್ಲ.

"ಊರಿಗೆ ಹೋದ್ರ ನಿಮ್ಮ ಕಾಕಾ ಕಾಲು ಮುರೀತಾನ, ನೀಲಾ."

"ಯಾರ ಕಾಲು?"

"ಇಬ್ಬರದೂ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. ನಡುಬೀದಿಯಲ್ಲಿ, ಎಲ್ಲರೆದುರು.

"ಹಂಗಾದ್ರ ನಡಿ... ಕಾಲು ನೆಟ್ಟಗ ಇರೂತನಾ ಈ ಊರು ನೋಡೂಣು."