ಬೋರಲು ಮಲಗಿದ್ದ ಫೋನು

"ನಿಮ್ಮ ಫೋನಲ್ಲಿ ನನ್ನ ಮುಖ ಯಾಕಿದೆ?"

ಕೆಲಸ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಹಾಲ್‌ನ ಮಧ್ಯೆ, ರಟ್ಟಿನ ಪೆಟ್ಟಿಗೆ ಮತ್ತು ಥರ್ಮಾಕೋಲ್ ಚೂರುಗಳ ನಡುವೆ, ಗುರುತು ಪರಿಚಯವಿಲ್ಲದ ಯುವಕನೊಬ್ಬ ಮಂಡಿಯೂರಿ ಕೂತಿದ್ದ. ಅವನ ಕೈಯಲ್ಲಿ ಫೋನು. ಫೋನಿನೊಳಗೆ ಅವಳು! ಅದೇ ಬಾಗಿಲು, ಅದೇ ಹೆಗಲ ಚೀಲ, ಬೆವರಿಗೆ ಹಣೆಗಂಟಿದ್ದ ಅದೇ ಕೂದಲು.

ಅವನು ಗಾಬರಿಯಿಂದ ಎದ್ದು ನಿಂತ.

"ಮೇಡಮ್, ತಪ್ಪು ತಿಳ್ಕೋಬೇಡಿ. ನಿಮ್ಮಕ್ಕ ಅಜ್ಜಿಗೆ ಅಂತ ಹೊಸ ಟಿವಿ ಕಳಿಸಿದಾರೆ. ಗೋಡೆಗೆ ಹಾಕೋಕೆ ಬಂದಿದೀನಿ. ಇದರಲ್ಲಿ ಕ್ಯಾಮೆರಾ ಇದೆ. ವೀಡಿಯೊ ಕಾಲ್ ಸರಿಯಾಗಿ ಹೋಗುತ್ತಾ ಅಂತ ನನ್ನ ಫೋನಿಂದ ಪರೀಕ್ಷೆ ಮಾಡ್ತಿದ್ದೆ, ಅಷ್ಟೇ."

"ಟಿವೀಲಿ ಕ್ಯಾಮೆರಾನಾ?"

"ಈಗ ಎಲ್ಲದರಲ್ಲೂ ಇರುತ್ತೆ ಮೇಡಮ್. ಕಸ ಗುಡಿಸೋ ಮಿಷನ್‌ನಲ್ಲೂ ಇರುತ್ತೆ."

"ತೆಗೀರಿ ಅದನ್ನ."

"ತೆಗೆಯೋಕಾಗಲ್ಲ. ಟಿವಿ ಜೊತೇಲೇ ಕೂತ್ಕೊಂಡು ಬಂದಿದೆ."

ಕುರ್ಚಿಯಲ್ಲಿದ್ದ ಅಜ್ಜಿಗೆ ಇದೆಲ್ಲ ಬಲು ಮಜವಾಗಿತ್ತು. "ಗೋಡೆಗೆ ಕಿವಿ ಇರುತ್ತೆ ಅಂತ ನಮ್ಮಮ್ಮ ಹೇಳ್ತಿದ್ಲು. ಈಗ ಕಣ್ಣೂ ಬಂತು ನೋಡು ಪುಟ್ಟಿ."

ಪುಟ್ಟಿಗೆ ನಗು ಬರಲಿಲ್ಲ. ಅವಳ ಕೋಪ ಸದಾ ಮೂಗಿನ ತುದಿಯಲ್ಲೇ ಇರುವಂಥದ್ದು. ಚೀಲಕ್ಕೆ ಕೈಹಾಕಿ ಗುಲಾಬಿ ಬಣ್ಣದ ಮೇಣದ ಹಾಳೆಯೊಂದನ್ನು ತೆಗೆದಳು. ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಕಟ್ಟು ಹಲ್ಲಿಗೆ ಒಸಡು ತಿದ್ದುವ ಮೇಣ ಅವಳ ಚೀಲದಲ್ಲಿ, ಜೇಬಿನಲ್ಲಿ, ಒಮ್ಮೊಮ್ಮೆ ತಲೆಗೂದಲಲ್ಲೂ ಸಿಗುತ್ತಿತ್ತು. ಒಂದು ಚೂರು ಮುರಿದು, ಬೆರಳ ನಡುವೆ ಹೊಸಕಿ ಮೆತ್ತಗೆ ಮಾಡಿ, ಟಿವಿಯ ನೆತ್ತಿಯ ಮೇಲಿದ್ದ ಆ ಕರಿ ಕಣ್ಣಿಗೆ ಮೆತ್ತಿದಳು.

ಅವನು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿದ.

"ಟಿವಿಗೆ ಒಸಡು ಬಂತು" ಎಂದ.

ಸಿಟ್ಟಾಗೇ ಇರಬೇಕೆಂದುಕೊಂಡಿದ್ದಳು ಪಾಪ. ಆಗಲಿಲ್ಲ. ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು.

ಶುರುವಾಗಿದ್ದು ಹೀಗೆ.

ಕ್ಯಾಮೆರಾ ಕಂಡರೆ ಅವಳಿಗೆ ಅಷ್ಟು ಉರಿ ಯಾಕೆ? ಲ್ಯಾಬ್‌ನ ಮಾಲೀಕರು ಅವಳ ಮೇಜಿನ ಮೇಲ್ಗಡೆಯೇ ಒಂದನ್ನು ಹಾಕಿಸಿದ್ದರು. ಊರಾಚೆಯ ಮನೆಯಲ್ಲಿ ಕೂತೇ ಎಲ್ಲರನ್ನೂ ನೋಡುತ್ತಿದ್ದರು. ಸ್ವಲ್ಪ ಕುರ್ಚಿ ಬಿಟ್ಟು ಎದ್ದರೆ ಸಾಕು, ಫೋನು. "ಎಲ್ಲಿ ಹೋಗಿದ್ದೆ?" ದಿನವಿಡೀ ಕತ್ತಿನ ಹಿಂದೆ ಯಾರೋ ಉಸಿರು ಬಿಡುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲಷ್ಟೇ ಅವಳು ಬೆನ್ನು ಬಗ್ಗಿಸಿ ಕೂರುವುದು, ಬಾಯಿ ತೆರೆದು ಆಕಳಿಸುವುದು, ಬೇಕಾದರೆ ಅಳುವುದು. ಜಗತ್ತಿನಲ್ಲಿ ಯಾರೂ ನೋಡದ ಜಾಗ ಅಂತ ಅವಳಿಗಿದ್ದದ್ದು ಆ ಎರಡು ಕೋಣೆಯ ಮನೆ ಒಂದೇ.

ಆ ಮನೆಗೆ ಟಿವಿಯವನು ಮತ್ತೆ ಬಂದ. ಸೌಂಡ್ ಬರುತ್ತಿಲ್ಲ ಎಂದು ಅಜ್ಜಿ ಹೇಳಿಕಳಿಸಿದ್ದರು. ಇನ್ನೊಮ್ಮೆ ರಿಮೋಟು. ಮತ್ತೊಮ್ಮೆ ಏನೂ ಇಲ್ಲ, "ಚೆನ್ನಾಗಿ ಓಡ್ತಾ ಇದೆ ಅಂತ ತೋರಿಸೋಣ ಅಂತ ಕರೆದೆ" ಎಂದರು ಅಜ್ಜಿ. ಕೆಲಸ ಮುಗಿದ ಮೇಲೆ ಯಾರೂ ಹೇಳದಿದ್ದರೂ ಅವನು ಮೇಣವನ್ನು ಹೆಬ್ಬೆರಳಲ್ಲಿ ಒತ್ತಿ, ಭದ್ರವಾಗಿದೆಯೇ ಎಂದು ನೋಡಿಯೇ ಹೊರಡುತ್ತಿದ್ದ. ಅವಳು ಅದನ್ನು ಗಮನಿಸುತ್ತಿದ್ದಳು.

ಅವನ ಅಂಗಡಿ ಇದ್ದದ್ದು ಅವಳು ಬಸ್ಸಿಳಿಯುವ ಬೀದಿಯಲ್ಲೇ. ಒಂದು ಸಂಜೆ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಹೋಗುತ್ತಿದ್ದುದನ್ನು ಕಂಡು ಅವನು ಹೊರಗೆ ಬಂದ.

"ಏನಾಯ್ತು?"

"ಇವತ್ತೂ ಕೇಳಿದ್ರು, ಎಲ್ಲಿ ಹೋಗಿದ್ದೆ ಅಂತ. ಟಾಯ್ಲೆಟ್‌ಗೆ ಸಾರ್ ಅಂದೆ. ಇಷ್ಟು ಹೊತ್ತಾ ಅಂದ್ರು. ಎಲ್ಲರ ಮುಂದೆ, ಸ್ಪೀಕರ್‌ನಲ್ಲಿ."

ಅವನು ನಗಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಒಳಗಿಂದ ಸ್ಟೂಲ್ ತಂದು ಹಾಕಿ, "ಕೂತ್ಕೊಳ್ಳಿ. ಇಲ್ಲಿರೋ ಟಿವಿ ಎಲ್ಲ ಕೆಟ್ಟೋಗಿರೋವೇ, ಯಾವುದೂ ನೋಡಲ್ಲ" ಎಂದ.

ಅವಳು ಅತ್ತಳು. ಅತ್ತು ಹಗುರಾದಳು. ಆಮೇಲೆ ಆ ಬೀದಿಯಲ್ಲಿ ಅವಳ ಕಾಲು ತಾನಾಗಿಯೇ ನಿಧಾನವಾಗತೊಡಗಿತು... ಪ್ರೀತಿ ಅಂದರೆ ಇನ್ನೇನು, ಗಡಿಬಿಡಿಯ ಹುಡುಗಿ ಬೀದಿಯೊಂದರಲ್ಲಿ ನಿಧಾನವಾಗಿ ನಡೆಯುವುದು.

ಒಂದು ಮಧ್ಯಾಹ್ನ ಲ್ಯಾಬ್‌ನಲ್ಲಿ ಕರೆಂಟು ಹೋಗಿ ಎಲ್ಲರಿಗೂ ರಜೆ ಸಿಕ್ಕಿತು. ಅವಳು ಬಸ್ಸಿನಲ್ಲಿ ಕೂತು ಒಂದೇ ಸಾಲನ್ನು ನೂರು ಸಲ ಮನಸ್ಸಿನಲ್ಲೇ ಉರು ಹೊಡೆದಳು. 'ಭಾನುವಾರ ಊಟಕ್ಕೆ ಬನ್ನಿ. ಟಿವಿ ರಿಪೇರಿಗಲ್ಲ, ಸುಮ್ಮನೆ ಬನ್ನಿ.' ಹೇಳಿಬಿಡಬೇಕು. ಇವತ್ತೇ.

ಅಂಗಡಿಯಲ್ಲಿ ಅವನು ಬೆನ್ನು ತಿರುಗಿಸಿಕೊಂಡು, ತೆರೆದ ಟಿವಿಯೊಂದರ ಹೊಟ್ಟೆಯೊಳಗೆ ಎರಡೂ ಕೈ ಹಾಕಿ ಬೆಸುಗೆ ಹಾಕುತ್ತಿದ್ದ. ಕೌಂಟರ್ ಮೇಲೆ ಅವನ ಫೋನು ಬೋರಲು ಮಲಗಿತ್ತು. ಅದರಿಂದ ಮಾತು ಕೇಳಿಬರುತ್ತಿತ್ತು.

"...ಪುಟ್ಟಿ ಮೊನ್ನೆ ರಾತ್ರಿ ಸರಿಯಾಗಿ ಊಟಾನೇ ಮಾಡಲಿಲ್ಲ ಕಣಪ್ಪ..."

ಅಜ್ಜಿಯ ದನಿ! ಅವಳು ಫೋನನ್ನೆತ್ತಿ ತಿರುಗಿಸಿದಳು.

ತೆರೆಯ ತುಂಬ ಅವಳ ಮನೆಯ ಹಾಲ್. ಹಗ್ಗದ ಮೇಲೆ ಅವಳ ಒಳಬಟ್ಟೆ ಒಣಗುತ್ತಿತ್ತು. ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಾ ಅವಳು ದಿನವೂ ನಿಲ್ಲುವ ಜಾಗ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಕುರ್ಚಿಯಲ್ಲಿದ್ದ ಅಜ್ಜಿ ಬೆಚ್ಚಿಬಿದ್ದು, ಹೆಗಲ ಟವೆಲ್ಲನ್ನು ಸರಕ್ಕನೆ ಎಳೆದು ಬಾಯಿ ಮುಚ್ಚಿಕೊಂಡರು. ಸಿಕ್ಕಿಬಿದ್ದವರ ಹಾಗೆ.

ಟಿವಿಯವನು ತಿರುಗಿ ನೋಡಿ ಬಿಳುಚಿಹೋದ.

"ಎಷ್ಟು ದಿನದಿಂದ?" ಎಂದಳು ಅವಳು.

"ಅದು... ಟಿವಿ ಹಾಕಿದ ವಾರದಿಂದ. ಆದ್ರೆ ನಾನು ಏನೂ ನೋಡಿಲ್ಲ. ನಂಬಿ."

"ನೋಡದೆ ಇರೋಕೆ ಯಾರಾದ್ರೂ ವೀಡಿಯೊ ಕಾಲ್ ಮಾಡ್ತಾರಾ?"

"ನಾನು ಮಾಡೋದಲ್ಲ, ಅಜ್ಜಿ..."

"ಅಜ್ಜಿ ಮೇಲೆ ಹಾಕಬೇಡಿ. ಲ್ಯಾಬ್‌ನಲ್ಲಿ ಅವರು ಹೇಳಿಯಾದ್ರೂ ನೋಡ್ತಾರೆ. ನೀವು ದಿನಾ ನನ್ನ ಜೊತೆ ಮಾತಾಡ್ಕೊಂಡು, ಮೇಣ ಒತ್ತೋ ನಾಟಕ ಆಡ್ಕೊಂಡು..." ಫೋನನ್ನು ಕೌಂಟರ್ ಮೇಲಿಟ್ಟು ಹೊರಟುಬಿಟ್ಟಳು. ಊಟದ ಕರೆ ಗಂಟಲಲ್ಲೇ ಉಳಿಯಿತು.

ಮನೆಗೆ ಬರುವಷ್ಟರಲ್ಲಿ ಕಣ್ಣೀರು ಒಣಗಿ ಸಿಟ್ಟು ಮಾತ್ರ ಉಳಿದಿತ್ತು. ಅಜ್ಜಿಯನ್ನು ಕೇಳಿಯೇಬಿಡಬೇಕು ಎಂದು ಬಾಗಿಲು ತಳ್ಳಿದರೆ, ಅಜ್ಜಿಯೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನೇ ಅದು, ಹೇಳದೆ ಕೇಳದೆ ಫೋನ್ ತಿರುಗಿಸೋದು? ನನ್ನ ಮಾನ ಕಳೆದೆಯಲ್ಲೇ!"

"ನಾನಾ? ಅಜ್ಜಿ, ಅವನು ನಮ್ಮನೆ ಒಳಗೆಲ್ಲ ನೋಡ್ತಿದ್ದ..."

"ಏನು ನೋಡ್ತಿದ್ದ? ಎಲ್ಲಿ, ನನ್ನ ಬಾಯಿ ನೋಡು." ಅಜ್ಜಿ ಬಾಯಿ ತೆರೆದರು. ಬರೀ ಒಸಡು. ಅವಳೇ ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟು ಮೇಜಿನ ಮೇಲೆ, ನೀರಿನ ಬಟ್ಟಲಿನಲ್ಲಿ ತಣ್ಣಗೆ ಕೂತಿತ್ತು. "ಮಧ್ಯಾಹ್ನ ಊಟ ಆದ ಮೇಲೆ ನಾನು ಹಲ್ಲು ಬಿಚ್ಚಿಡ್ತೀನಾ ಇಲ್ವಾ? ಹಲ್ಲಿಲ್ಲದೆ ನಾನು ಯಾರ ಮುಂದಾದ್ರೂ ಕೂತಿದೀನಾ, ನೀನೇ ಹೇಳು. ನಿಮ್ಮ ತಾತನ ಮುಂದೇನೇ ಕೂತವಳಲ್ಲ."

ನಿಜ. ಮನೆಗೆ ಬಂದ ಅಳಿಯನಿಗೂ ಅಜ್ಜಿ ಹಲ್ಲು ಹಾಕಿಕೊಳ್ಳದೆ ಮುಖ ತೋರಿಸಿದವರಲ್ಲ.

ಅಜ್ಜಿ ಕುರ್ಚಿಯಲ್ಲಿ ಕುಸಿದು ಕೂತರು. ದನಿ ಸಣ್ಣಗಾಯಿತು.

"ಮೊದಲನೇ ಸಲ ನಿಮ್ಮಕ್ಕನಿಗೆ ಅಂತ ಒತ್ತಿದೆ. ಅವನಿಗೆ ಹೋಯ್ತು. ಪರೀಕ್ಷೆ ಮಾಡ್ದಾಗ ಅವನ ನಂಬರ್ ಅದರಲ್ಲೇ ಉಳ್ಕೊಂಡಿತ್ತಂತೆ, ಬಂದು ಅಳಿಸ್ತೀನಿ ಅಂದ. ಬೇಡಪ್ಪ, ಇರಲಿ, ಮಾತಾಡು, ಆದ್ರೆ ನಿಲ್ಲು, ಹಲ್ಲು ಹಾಕ್ಕೊಂಡು ಬರ್ತೀನಿ ಅಂದೆ. ಅವನು ಏನಂದ ಗೊತ್ತಾ? ಒಸಡು ನೋಯುತ್ತೆ, ಹಾಕ್ಕೋಬೇಡಿ ಅಜ್ಜಿ, ನಾನು ಫೋನೇ ಬೋರಲು ಹಾಕ್ತೀನಿ ಅಂದ. ಅವತ್ತಿಂದ ನನ್ನ ಟಿವೀಲಿ ಬರೀ ಕತ್ತಲು. ಕತ್ತಲ ಜೊತೇನೇ ಮಾತಾಡ್ತೀನಿ."

"ಮತ್ತೆ ಮೇಣ ಯಾಕೆ ಕೀಳ್ತಿದ್ದೆ?"

"ನೀನು ಬರೋಷ್ಟರಲ್ಲಿ ಮತ್ತೆ ಮೆತ್ತಿಡ್ತಿದ್ದೆನಲ್ಲ. ತೂತು ಮುಚ್ಚಿದ್ರೆ ಅವನಿಗೆ ಕೇಳಿಸೋದು ಹೇಗೆ?"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ನನಗ್ಯಾಕೆ ಹೇಳಲಿಲ್ಲ ಅಜ್ಜಿ?"

"ಹೇಳಿದ್ರೆ ನೀನು ಟಿವೀನೇ ಕಿತ್ತು ಬಿಸಾಡ್ತಿದ್ದೆ. ಬೆಳಗ್ಗೆ ಹೋದವಳು ಕತ್ತಲಾದ ಮೇಲೆ ಬರ್ತೀಯ. ಅಲ್ಲೀವರೆಗೆ ಈ ಗೋಡೆಗಳ ಹತ್ತಿರ ಎಷ್ಟು ಅಂತ ಮಾತಾಡಲಿ? ನಿನಗೆ ಯಾರೂ ನೋಡಬಾರದು. ನನ್ನನ್ನ ಯಾರಾದ್ರೂ ಕೇಳಿಸ್ಕೊಂಡ್ರೆ ಸಾಕಿತ್ತು." ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇಷ್ಟು ದಿನ ಅವನು ನೋಡಲಿಲ್ಲ ಪುಟ್ಟಿ. ನನ್ನನ್ನ ಕೇಳದೆ ಹೀಗೆ ನೋಡಿದವಳು ನೀನು."

ಆ ಮಾತು ನೇರ ಎದೆಗೆ ನಾಟಿತು. ಅವಳು ಅಜ್ಜಿಯ ಕಾಲ ಬಳಿ ಕೂತು ಮಡಿಲಲ್ಲಿ ಮುಖ ಹುದುಗಿಸಿದಳು. 'ಕೇಳದೆ ತಿರುಗಿಸಿದ್ದು ನಾನು... ಕೇಳಿಸಿಕೊಳ್ಳದೆ ಬೈದದ್ದೂ ನಾನು.' ಅಜ್ಜಿಯ ಕೈ ಅವಳ ತಲೆಗೂದಲಲ್ಲಿ ಆಡಿತು, ಅಲ್ಲಿ ಅಂಟಿದ್ದ ಮೇಣದ ಚೂರೊಂದನ್ನು ಮೆಲ್ಲಗೆ ಬಿಡಿಸಿತು.

ಸಂಜೆ ಬಾಗಿಲು ಸದ್ದಾಯಿತು. ಟಿವಿಯವನು. ಹೊಸ್ತಿಲಾಚೆಯೇ ನಿಂತಿದ್ದ, ಮುಖ ಬಾಡಿತ್ತು.

"ನನ್ನ ನಂಬರ್ ತೆಗೆಯೋದು ಹೇಗೆ ಅಂತ ಇಲ್ಲಿಂದಾನೇ ಹೇಳ್ತೀನಿ. ನಿಮ್ಮ ಕೈಯಾರೆ ತೆಗೆದುಬಿಡಿ. ಆಗಲೇ ನಿಮಗೆ ನೆಮ್ಮದಿ."

"ಅಜ್ಜಿ ಎಲ್ಲ ಹೇಳಿದ್ರು" ಎಂದಳು ಅವಳು. "ನಾನು ಬಾಯಿಗೆ ಬಂದಂಗೆ ಅಂದುಬಿಟ್ಟೆ. ಕ್ಷಮಿಸಿ."

"ಕ್ಷಮೆ ಕೇಳಬೇಕಾದವನು ನಾನು. ನೋಡದೇ ಇದ್ರೆ ಸಾಕು ಅಂದ್ಕೊಂಡಿದ್ದೆ. ಅದು ಸಾಲದು. ಮನೆ ನಿಮ್ಮದೂ ಹೌದು, ಮೊದಲನೇ ದಿನಾನೇ ನಿಮ್ಮನ್ನ ಕೇಳಬೇಕಿತ್ತು."

"ಯಾಕೆ ಕೇಳಲಿಲ್ಲ?"

ಅವನು ನೆಲ ನೋಡಿದ. "ಅಜ್ಜಿ ಹೆದರಿದ್ರು, ನೀವು ನಿಲ್ಲಿಸಿಬಿಡ್ತೀರಿ ಅಂತ. ನನಗೂ ಆಸೆ. ಅಜ್ಜಿ ಮಾತಿನ ಮಧ್ಯೆ ದಿನಾ ನಿಮ್ಮ ಸುದ್ದಿ ಬರೋದು. ಪುಟ್ಟಿ ಹೀಗಂದ್ಲು, ಪುಟ್ಟಿ ಹಾಗಂದ್ಲು... ಅದನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ. ನೀವಂದ್ರೆ ನನಗೆ ಇಷ್ಟ. ಟಿವಿ ಅಂಗಡಿಯವನು ಹೀಗೆಲ್ಲ ಹೇಳಬಾರದೇನೋ. ಹೇಳಿಬಿಟ್ಟೆ."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಅವನೇ ಮತ್ತೆ ಬಾಯಿಬಿಟ್ಟ.

"ಇನ್ನೊಂದಿದೆ. ಮುಚ್ಚಿಡೋಕಾಗಲ್ಲ. ನೋಡಿಲ್ಲ ಅಂದೆ, ಅದು ನಿಜ. ಆದ್ರೆ ಒಂದು ಸಲ ಕೇಳಿಸ್ತು."

"ಏನು?"

"ಒಂದು ದಿನ ನೀವು ಬೇಗ ಬಂದ್ರಿ. ಅಜ್ಜಿ ಕಾಲ್ ಕಟ್ ಮಾಡೋದು ಮರೆತಿದ್ರು. ಟಿವಿ ಕಪ್ಪಗಿತ್ತಲ್ಲ, ಆಫ್ ಆಗಿದೆ ಅಂದ್ಕೊಂಡಿರ್ತೀರಿ. ನೀವು ಅಜ್ಜಿಗೆ ಹೇಳ್ತಿದ್ರಿ, 'ಆ ಟಿವಿಯವರನ್ನ ಕಂಡ್ರೆ ನನಗೆ...' ಅಂತ. ಅಷ್ಟೇ ಕೇಳಿದ್ದು."

"ಆಮೇಲೆ?"

"ಕಟ್ ಮಾಡಿಬಿಟ್ಟೆ."

"ಯಾಕೆ? ಮುಂದೇನು ಅಂತ ಗೊತ್ತಾಗ್ತಿತ್ತಲ್ಲ."

"ಅದು ನನಗೆ ಹೇಳಿದ್ದಲ್ಲವಲ್ಲ" ಎಂದ ಅವನು.

ಅವಳ ಕಣ್ಣು ತುಂಬಿಬಂತು. ಆಡಿದ ಪ್ರತಿ ಮಾತಿಗೆ, ಇಟ್ಟ ಪ್ರತಿ ಹೆಜ್ಜೆಗೆ ಲೆಕ್ಕ ಕೇಳುವವರ ನಡುವೆ, ಕಿವಿಗೆ ತಾನಾಗಿ ಬಂದು ಬಿದ್ದ ಅವಳ ಮನಸ್ಸಿನ ಮಾತನ್ನೂ ಅರ್ಧಕ್ಕೇ ಬಿಟ್ಟುಕೊಟ್ಟವನು ಇವನು. ಆ ಅರ್ಧ ಮಾತಿನ ಜೊತೆ ಇಷ್ಟು ದಿನ ಹೇಗೆ ನಿದ್ದೆ ಮಾಡಿದನೋ!

"ಭಯ ಆಗಿರಬೇಕಲ್ವಾ?" ಎಂದಳು ಮೆಲ್ಲಗೆ.

"ತುಂಬಾ. 'ಕಂಡ್ರೆ ನನಗೆ ಆಗಲ್ಲ' ಅಂತಲೂ ಇರಬಹುದಿತ್ತಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ತನಕ ಬಂದಳು.

"ಈಗ ನಿಮಗೇ ಹೇಳ್ತೀನಿ, ಪೂರ್ತಿ ಕೇಳಿಸ್ಕೊಳ್ಳಿ. ಆ ಟಿವಿಯವರನ್ನ ಕಂಡ್ರೆ ನನಗೆ, ದಿನವೆಲ್ಲ ದುಡಿದು ಮನೆಗೆ ಬಂದು ಚಪ್ಪಲಿ ಬಿಟ್ಟಂಗಾಗುತ್ತೆ. ಅಂತ ಹೇಳಿದ್ದೆ ಅಜ್ಜಿಗೆ."

ಅವನು ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡ.

"ಇನ್ನೊಂದ್ಸಲ ಹೇಳ್ತೀರಾ?"

"ಹೇಳಲ್ಲ."

"ಯಾಕೆ?"

"ಹೊರಗೆ ನಿಂತವರಿಗೆ ಎಷ್ಟು ಸಲ ಅಂತ ಹೇಳೋದು" ಎಂದಳು ಅವಳು, ದಾರಿ ಬಿಟ್ಟು ನಿಲ್ಲುತ್ತಾ. "ಚಪ್ಪಲಿ ಬಿಟ್ಟು ಒಳಗೆ ಬನ್ನಿ."