ಗಾಳೆಪ್ಪನ ಗಾಳಿಗಾಲಿ

"ಇಳಸ್ರಿ ಅದನ್ನ! ಮೊದಲ ಇಳಸ್ರಿ!" ಹನಮವ್ವ ಹೊಲದ ಬದುವಿನಿಂದಲೇ ಕೂಗುತ್ತ ಓಡಿ ಬಂದಳು.

ಅವಳ ಗಂಡ ತಿರಕಪ್ಪ ಹಕ್ಕಿ ಕಾಯುವ ಅಟ್ಟದ ಮೇಲಿದ್ದ. ಗಾಳಿಗಾಲಿಯನ್ನು ಆಗಷ್ಟೇ ಅಟ್ಟದ ಕಂಬಕ್ಕೆ ಬಿಗಿದಿದ್ದ. ಅದು ತಿರುಗುತ್ತ ಡಬ್ಬಿ ಬಡಿಯತೊಡಗಿತ್ತು. ಟಣ್, ಟಣ್! ಜೋಳದ ತೆನೆಗಳ ಮೇಲಿದ್ದ ಗುಬ್ಬಿಗಳು ಭರ್ರನೆ ಎದ್ದು ಹೋದವು.

"ಹಕ್ಕಿ ಕಾಳು ತಿಂತಾವಲ್ಲ," ಎಂದ ತಿರಕಪ್ಪ.

"ತಿನ್ನಲಿ. ಆ ಸಪ್ಪಳ ನನಗ ಕೇಳಾಕ ಆಗೂದಿಲ್ಲ."

ತಿರಕಪ್ಪ ಗಾಲಿಯನ್ನು ಬಿಚ್ಚಿದ. ಅದು ಕೈಜಾರಿ ಕೆಳಗೆ ಬಿತ್ತು. ಮಗಳು ಕಳಕವ್ವ ಅದನ್ನು ಎತ್ತಿ ಅಟ್ಟದ ಕೆಳಗಿಟ್ಟು ಗೋಣಿಚೀಲ ಹೊದಿಸಿದಳು.

ಅದನ್ನು ಹೋದ ವರ್ಷ ಮಾಡಿದವನು ಅವಳ ಅಣ್ಣ ಗಾಳೆಪ್ಪ. ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ನಾಲ್ಕು ರೆಕ್ಕೆ ಮಾಡಿದ್ದ. ಮೊದಲು ಅದು ತಿರುಗಲೇ ಇಲ್ಲ.

"ರೆಕ್ಕಿ ಸಪಾಟ ಇದ್ರ ಗಾಳಿ ಬರೇ ಎದಿಗೆ ಬಡೀತೈತಿ. ಓರಿ ಇದ್ರ ಜಾರಿ ಹೋಗ್ತಾ ದಬ್ಬತೈತಿ ನೋಡು," ಎಂದು ಒಂದೊಂದನ್ನೂ ಸ್ವಲ್ಪ ತಿರುಚಿದ. ಗಾಲಿ ಗರಗರ ತಿರುಗಿತು. ಅದರ ಅಚ್ಚಿಗೊಂದು ಗೂಟ. ಗೂಟ ಸುತ್ತಿ ಬಂದಾಗಲೆಲ್ಲ ಕಟ್ಟಿಗೆಯ ಸುತ್ತಿಗೆಯನ್ನು ಎತ್ತಿ ಬಿಡುತ್ತಿತ್ತು. ಸುತ್ತಿಗೆ ಡಬ್ಬಿಯ ಮೇಲೆ ಬೀಳುತ್ತಿತ್ತು.

"ಇನ್ನ ಹಕ್ಕಿ ಕಾಯೂದು ಗಾಳಿ ಕೆಲಸ. ನೀ ಸಾಲಿಗೆ ಹೋಗು," ಎಂದು ಅಣ್ಣ ನಕ್ಕಿದ್ದ.

ಈ ಸಲ ಶ್ರಾವಣದಲ್ಲಿ ಜ್ವರ ಬಂದು ಅವನು ತೀರಿಕೊಂಡಿದ್ದ.

ಗಾಲಿ ಇಳಿಸಿದ ಮರುದಿನದಿಂದ ಕಳಕವ್ವ ಶಾಲೆ ಬಿಟ್ಟು ಅಟ್ಟ ಹತ್ತಿದಳು. ಕವಣೆ ಬೀಸಿದಳು. ಹೋ ಹೋ ಎಂದು ಕೂಗಿದಳು. ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು. ಅಂದಿನ ಮೆರವಣಿಗೆಯ ಮುಂದೆ ಹಾಡಲು ರಾಘವೇಂದ್ರ ಮಾಸ್ತರರು ಅವಳನ್ನೇ ಆರಿಸಿದ್ದರು. ಮನೆಯಲ್ಲಿ ಅದನ್ನು ಅವಳು ಹೇಳಲಿಲ್ಲ.

ಆ ದಿನ ಬಂತು. ಹೊಲದ ಪಕ್ಕದ ದಾರಿಯಲ್ಲಿ ಡಂಬಳದ ಮಕ್ಕಳೆಲ್ಲ ಬಾವುಟ ಹಿಡಿದು ಹೊರಟಿದ್ದರು.

"ಕಳಕವ್ವಾ, ಜಲ್ದಿ ಬಾ! ಹಾಡಾಕ ಮಾಸ್ತರು ನಿನ್ನ ಹುಡಕಾಕತ್ತಾರ!" ಗೆಳತಿ ಸಾಬೀರಾ ದಾರಿಯಿಂದಲೇ ಕೂಗಿದಳು.

ಕಳಕವ್ವ ಉತ್ತರ ಕೊಡಲು ಬಾಯಿ ತೆರೆದಳು. ಹಕ್ಕಿಗಳಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮಾತು ಹೊರಬರಲಿಲ್ಲ. ಸಾಬೀರಾ ಸ್ವಲ್ಪ ಹೊತ್ತು ಕಾದು, ಮೆರವಣಿಗೆ ಮುಂದೆ ಹೋಗಿಬಿಟ್ಟಿತೆಂದು ಓಡಿದಳು.

ರೊಟ್ಟಿಯ ಗಂಟು ಹಿಡಿದು ಬಂದಿದ್ದ ಹನಮವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀ ಹಾಡಾಕಿ ಇದ್ದಿ ಏನು? ಯಾಕ ಹೇಳಲಿಲ್ಲ?"

"ಹೇಳಿದ್ರ ಹಕ್ಕಿ ಯಾರು ಕಾಯ್ತಿದ್ರು, ಅವ್ವ?" ಕಳಕವ್ವನ ಧ್ವನಿ ಪಿಸುಮಾತಿನಷ್ಟೇ ಇತ್ತು.

ಹನಮವ್ವ ರೊಟ್ಟಿಯ ಗಂಟನ್ನು ಕೆಳಗಿಟ್ಟಳು. ಆಮೇಲೆ ಗೋಣಿಚೀಲ ಸರಿಸಿ, ಗಾಲಿಯನ್ನು ಎತ್ತಿಕೊಂಡು ಅಟ್ಟ ಹತ್ತಿದಳು. ತಾಯಿ ಮಗಳು ಸೇರಿ ಅದನ್ನು ಕಂಬಕ್ಕೆ ಕಟ್ಟಿದರು. ಗಾಳಿ ಬೀಸಿತು. ಗಾಲಿ ಅಲುಗಾಡಿತು, ಸುತ್ತಿಗೆಯನ್ನು ಎತ್ತಲಾರದೆ ನಿಂತಿತು.

"ಕೆಟ್ಟು ಹೋತೇನು?" ಹನಮವ್ವ ಗಾಬರಿಯಾದಳು.

"ಇಲ್ಲ. ಬಿದ್ದಾಗ ಎರಡು ರೆಕ್ಕಿ ಸಪಾಟ ಆಗ್ಯಾವ." ಕಳಕವ್ವ ಅಣ್ಣ ಮಾಡಿದ ಹಾಗೆಯೇ ಅವನ್ನು ಓರೆಯಾಗಿ ತಿರುಚಿದಳು.

ಟಣ್!

ಹನಮವ್ವ ಕಣ್ಣು ಮುಚ್ಚಿದಳು. "ಅವತ್ತ ಈ ಸಪ್ಪಳ ಕೇಳಿದ ಕೂಡ್ಲೆ ಅಂವ ಇಲ್ಲೇ ಅದಾನ ಅನಸ್ತು. ಓಡಿ ಬಂದು ನೋಡಿದ್ರ ಬರೇ ಗಾಳಿ."

ಅವ್ವ ಅಟ್ಟದಿಂದ ಇಳಿದು ಕಂಬಕ್ಕೆ ಕೈಯಿಟ್ಟು ನಿಂತಳು. ಸುತ್ತಿಗೆ ಬಿದ್ದಾಗಲೆಲ್ಲ ಕಂಬ ನಡುಗುತ್ತಿತ್ತು.

"ನಾಳಿಯಿಂದ ನೀ ಸಾಲಿಗೆ ಹೋಗು," ಎಂದಳು.

ಅಷ್ಟರಲ್ಲಿ ಗಾಳಿ ನಿಂತಿತು. ಗಾಲಿಯೂ ನಿಂತಿತು. ಹನಮವ್ವ ತಟ್ಟನೆ ತಲೆಯೆತ್ತಿ ನೋಡಿದಳು. ಅವಳ ಬೆರಳುಗಳು ಕಂಬವನ್ನು ಬಿಗಿಯಾಗಿ ಹಿಡಿದಿದ್ದವು.

ಅವ್ವನಿಗೆ ಆ ಸಪ್ಪಳ ಬೇಡವೆಂದೇ ಕಳಕವ್ವ ಇಷ್ಟು ದಿನ ಅಂದುಕೊಂಡಿದ್ದಳು. ಈಗ ಅವಳೂ ಕೆಳಗಿಳಿದು, ಅವ್ವನ ಕೈಯ ಪಕ್ಕ ತನ್ನ ಕೈಯಿಟ್ಟು, ಗಾಳಿ ಬರುವುದನ್ನು ಕಾಯುತ್ತ ನಿಂತಳು.